ಕೆಮ್ಮಣ್ಣಿನ ಬೊಟ್ಟು

ಮೋನಮ್ಮನ ದಿನ ಮೊಣಕಾಲುಗಳಿಂದ ಶುರುವಾಗುತ್ತಿತ್ತು. ಹಾಸಿಗೆಯ ಮೇಲೆ ಎದ್ದು ಕೂತು, ಅಂಗೈಯಿಂದ ಎರಡನ್ನೂ ಚೆನ್ನಾಗಿ ತಿಕ್ಕಿ, ಅವು ಒಪ್ಪಿಕೊಂಡವು ಅನ್ನಿಸಿದ ಮೇಲೆಯೇ ಗೋಡೆ ಹಿಡಿದು ಏಳುವಳು. ಆಮೇಲಿನ ಕೆಲಸಕ್ಕೆಲ್ಲ ಒಂದು ಕ್ರಮವಿತ್ತು. ಪಡಸಾಲೆ ಗುಡಿಸುವುದು, ಕೊಡಕ್ಕೆ ನೀರು ತುಂಬುವುದು, ಮಕ್ಕಳು ಬೆರಳಿನಿಂದ ಅಕ್ಷರ ತೀಡುವ ಮರಳನ್ನು ಜರಡಿ ಹಿಡಿದು ಹರಡುವುದು, ಕೊನೆಗೆ ಹಳೆಯ ಹಿತ್ತಾಳೆ ಬಟ್ಟಲಲ್ಲಿ ಕೆಮ್ಮಣ್ಣು ಕಲಸುವುದು. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣೇ. ಆದರೆ ಮೋನಮ್ಮ ಕಲಸುತ್ತಿದ್ದದ್ದು ಹೊಸ್ತಿಲಿಗಲ್ಲ.

ಜರ್ಮನಿಯ ಲಡಾಯಿ ನಡೆದಿದ್ದ ಕಾಲ. ನಾರಾಯಣಖೇಡದಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ತೊಗರಿ ಮಾತ್ರ ಗಾಡಿಗಟ್ಟಲೆ ಬಂದು ಬೀಳುತ್ತಿತ್ತು. ಬಾಜಾರದ ತುದಿಯಲ್ಲಿ ಕಾಳುಕಡಿಯ ದಲಾಲಿ ಮಾಡುವ ಒಂದು ಅಡತಿ ಅಂಗಡಿ; ಅದರ ಪಕ್ಕದ ಪಡಸಾಲೆಯಲ್ಲಿ ನಾಮದೇವ ಮಾಸ್ತರರು ಸಣ್ಣ ಮಕ್ಕಳ ಸಾಲೆ ನಡೆಸುತ್ತಿದ್ದರು. ಸರಕಾರಿ ಸಾಲೆಗೆ ಇನ್ನೂ ವಯಸ್ಸಾಗದ, ಮನೆಯಲ್ಲಿ ಇಟ್ಟುಕೊಂಡರೆ ಯಾರ ಕೈಗೂ ಕೆಲಸ ಹತ್ತಲು ಬಿಡದ ಮಕ್ಕಳು. ಒಂದು ಕಡೆ ಕೂರುವುದು, ತನ್ನ ಸರದಿ ಬಂದಾಗ ಮಾತಾಡುವುದು, ಮರಳಿನಲ್ಲಿ ಅ ಆ ತೀಡುವುದು, ಇಷ್ಟೇ ಅಲ್ಲಿಯ ಪಾಠ. ಮಧ್ಯಾಹ್ನಕ್ಕೆ ಮನೆಯಿಂದ ತಂದ ರೊಟ್ಟಿ, ಜೊತೆಗೆ ಅಡತಿಯವರು ಪುಣ್ಯಕ್ಕೆಂದು ಕೊಡುವ ಒಂದು ಹಿಡಿ ಪುಟಾಣಿ, ಒಂದು ಚೂರು ಬೆಲ್ಲ.

ಮೋನಮ್ಮ ನ್ಯಾಲ್ಕಲ್ಲಿನ ಒಕ್ಕಲು ಮನೆಯ ಹೆಣ್ಣು. ಗಂಡ ಇದೇ ಅಡತಿಯಲ್ಲಿ ಚೀಲ ಹೊರುತ್ತಿದ್ದವನು, ಒಂದು ಮಳೆಗಾಲದಲ್ಲಿ ಕಾಲರಾ ಬಂದು ಹೋದ. ಮಕ್ಕಳಿರಲಿಲ್ಲ. ಅಡತಿಯವರು ಹಿಂದಿನ ಕೋಣೆಯಲ್ಲಿ ಇರಗೊಟ್ಟರು. ಅದಕ್ಕೆ ಬದಲಾಗಿ ಗುಡಿಸುವುದು, ನೀರು ತರುವುದು, ಮಾಸ್ತರರ ಸಾಲೆ ಶುರುವಾದ ಮೇಲೆ ಮನೆಮನೆಯಿಂದ ಮಕ್ಕಳನ್ನು ಕರೆತಂದು ಸಂಜೆ ಮತ್ತೆ ಮುಟ್ಟಿಸುವುದು. ಮಕ್ಕಳನ್ನು ಕರೆತರುವವಳಿಗೆ ಆ ಕೋಣೆ. ಕರೆತರಲಾಗದಿದ್ದರೆ ಕೋಣೆಯೂ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅವಳ ಕಣ್ಣು ಮಂಜಾಗತೊಡಗಿ ಬಹಳ ದಿನವಾಗಿತ್ತು. ಹತ್ತಿರದ್ದು ಕಾಣುತ್ತಿತ್ತು. ಹಾದಿಯ ಆಚೆ ಬದಿ ನಿಂತವರು ಮಾತ್ರ ತೆಳುವಾದ ಮಜ್ಜಿಗೆಯಲ್ಲಿ ಮುಳುಗಿದ ಹಾಗೆ. ಮನುಷ್ಯರು ಅಂತ ತಿಳಿಯುತ್ತದೆ, ಯಾರು ಅಂತ ತಿಳಿಯುವುದಿಲ್ಲ. ಮೊದಲು ಮುಖಗಳು ಹೋದವು, ಆಮೇಲೆ ಅಂಚುಗಳು. ಬಣ್ಣಗಳಲ್ಲಿ ಕೆಂಪು ಒಂದು ಕೊನೆಯವರೆಗೆ ಉಳಿದುಕೊಂಡಿತು. ಇದನ್ನು ಗಮನಿಸಿಯೇ ಅವಳು ಉಪಾಯ ಹೂಡಿದ್ದು. ಬೆಳಗ್ಗೆ ಪ್ರತಿ ಮನೆಯ ಬಾಗಿಲಲ್ಲೂ ಮಗುವಿನ ಬೆನ್ನು ತನ್ನ ಕಡೆ ತಿರುಗಿಸಿ, ಅಂಗಿಯ ಮೇಲೆ, ಎರಡು ಭುಜಗಳ ನಡುವೆ, ಹೆಬ್ಬೆರಳಿನಿಂದ ಒಂದು ದೊಡ್ಡ ಬೊಟ್ಟು ಒತ್ತುವಳು. ಬಾಜಾರದಲ್ಲಿ ಗಾಡಿ, ಎತ್ತು, ಚೀಲ, ಊರ ಹುಡುಗರು ಎಲ್ಲ ಕಲಸಿಹೋದರೂ ಆ ಕೆಂಪು ಅವಳಿಗೆ ಕಾಣುತ್ತಿತ್ತು.

"ದಿಟ್ಟಿ ತಾಕಬಾರದು ನೋಡ್ರಿ, ಅದಕ," ಎಂದು ತಾಯಂದಿರಿಗೆ ಹೇಳಿದ್ದಳು. ಅವರಿಗೆ ಸಂತೋಷವೇ ಆಗಿತ್ತು. ಮಾಸ್ತರರಿಗೂ ಅದನ್ನೇ ಹೇಳಿದ್ದಳು. ಅಂಗಿ ಒಗೆಯುವ ಕಷ್ಟಕ್ಕೆ ಒಬ್ಬಿಬ್ಬರು ಗೊಣಗಿದರೂ, ಮಗುವಿಗೆ ದೃಷ್ಟಿಯಾಗಲಿ ಎನ್ನುವವರು ಯಾರು?

ಆ ವರ್ಷ ಮಳೆ ನಿಂತ ಮೇಲೆ ಕುರುಬರ ಓಣಿಯಿಂದ ಹೊಸ ಹುಡುಗ ಬಂದ. ಅಮೋಘಸಿದ್ದ ಅಂತ ಹೆಸರು, ಮನೆಯಲ್ಲಿ ಅಮೋಗಿ. ತಂದೆ ತಾಯಿ ಕುರಿಯ ಸಂಗಡ ರಾಯಿಕೋಡಿನ ಕಡೆ ಬಯಲಲ್ಲಿದ್ದರು. ಹುಡುಗ ಅಜ್ಜ-ಅಜ್ಜಿಯ ಮನೆಯಲ್ಲಿ, ಮುತ್ಯಾ ಮಾಳಿಂಗಪ್ಪ, ಆಯಿ ಮಾಳಮ್ಮನ ಬಳಿ. ಲಡಾಯಿ ಶುರುವಾದಾಗಿನಿಂದ ಲಷ್ಕರದ, ಅಂದರೆ ಸಿಕಂದರಾಬಾದಿನ ದಂಡಿನ, ಸೌದಾಗರರು ಸಿಪಾಯಿಗಳ ಊಟಕ್ಕೆಂದು ಬಂದು ಬಂದು ಕುರಿ ಕೊಳ್ಳುತ್ತಿದ್ದರು. ಮಾಳಿಂಗಪ್ಪನ ಹಿಂಡು ಅರ್ಧಕ್ಕಿಂತ ಕಡಿಮೆಯಾಗಿತ್ತು. "ಇಂವ ದೊಡ್ಡಾಂವ ಆಗೂತನ ಕಾಯಾಕ ಕುರಿನೇ ಇರಂಗಿಲ್ಲ. ನಾಕು ಅಕ್ಷರರೆ ಕಲೀಲಿ," ಎಂದು ಮುದುಕ ಹಟ ಹಿಡಿದು ಕಳಿಸಿದ. ಮಾಳಮ್ಮನಿಗೆ ಅದಕ್ಕೆ ಮನಸ್ಸಿರಲಿಲ್ಲ.

ಹೊಸ ಮಕ್ಕಳ ಅಳು ಮೋನಮ್ಮನಿಗೆ ಬಾಯಿಪಾಠವಾಗಿತ್ತು. ಬಾಗಿಲಲ್ಲೇ ಚೀರಿ ಓಣಿ ತಿರುಗಿದೊಡನೆ ಮರೆಯುವವರು, ಹಾದಿಯುದ್ದಕ್ಕೂ ಬಿಕ್ಕುವವರು, ದಿನವೆಲ್ಲ ನಕ್ಕು ರೊಟ್ಟಿ ಬಿಚ್ಚಿದಾಗ ಮನೆ ನೆನೆದು ಅಳುವವರು. ಅಮೋಗಿ ಇದ್ಯಾವುದೂ ಅಲ್ಲ. ಅವನು ಅಳಲೇ ಇಲ್ಲ. ಬೆನ್ನಿಗೆ ಬೊಟ್ಟು ಒತ್ತಿದಾಗ ಒಮ್ಮೆ ಮೈ ನಡುಗಿತು, ಅಷ್ಟೆ. ಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತ. ಮರಳು ಮುಟ್ಟಲಿಲ್ಲ. ರೊಟ್ಟಿ ಬಿಚ್ಚಲಿಲ್ಲ. ಪುಟಾಣಿ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದುಕೊಂಡು ಸಂಜೆ ಓಣಿಯ ಕೋಳಿಗಳಿಗೆ ಹಾಕಿದ.

ಮರುದಿನವೂ ಹಾಗೆಯೇ. ಅದರ ಮರುದಿನವೂ.

ನಾಮದೇವ ಮಾಸ್ತರರು ಕೆಟ್ಟವರಲ್ಲ. ದರ್ಜಿ ಮನೆತನದವರು, ಮಾತಿನಲ್ಲೂ ಅಳತೆ ನೋಡಿ ಕತ್ತರಿಸುವವರು. ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಕ್ಕೆ ಮುಟ್ಟಿ ನೋಡಿ, "ಎಲುಬು ಕೈಗಿ ಹತ್ತಾಕತ್ತಾವಲ್ಲೋ! ಚೆಂದ ಉಣಬೇಕು, ಚೆಂದ ಬೆಳೀಬೇಕು. ಹಂಗ ಬೆಳದವರಿಗೆಲ್ಲ ನಾ ಲಷ್ಕರಿಗಿ ಕಳಸ್ತೀನಿ. ಅಲ್ಲಿ ದೊಡ್ಡ ದೊಡ್ಡ ನೌಕರಿ ಅವ," ಎಂದರು.

ಹುಡುಗ ಅವರ ತೊಡೆಯ ಮೇಲೆಯೇ ಉಚ್ಚೆ ಹೊಯ್ದ.

"ಹೋತು ನನ್ನ ಧೋತರ," ಎಂದರು ಮಾಸ್ತರರು. "ಮೋನವ್ವ, ನೀರು ತಾ."

ಅಂದಿನಿಂದ ಅವನು ಮನೆಯಲ್ಲೂ ಸರಿಯಾಗಿ ಉಣ್ಣುವುದು ಬಿಟ್ಟ. ಮಾಳಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ದರ್ಗಾಕ್ಕೆ ಹೋಗಿ ತಾಯಿತ ತಂದು ಕಟ್ಟಿದಳು. ಬೇವಿನ ರಸ ಕುಡಿಸಿ ಹೊಟ್ಟೆಯ ಹುಳ ನೋಡಿದಳು. ಒಂದೂ ಹತ್ತಲಿಲ್ಲ. ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ಮೋನಮ್ಮನಿಗೆ ಕೇಳುವಂತೆಯೇ ಹೇಳಿದಳು:

"ಕೈತುಂಬ ಇದ್ದ ಕೂಸು ಕಡ್ಡಿ ಆಗ್ಯಾದ. ದೀವಳಿಗಿತನ ನೋಡ್ತೀನಿ ಮೋನವ್ವ. ಹಬ್ಬಕ ಅಂವ್ನ ಅಪ್ಪ ಬರ್ತಾನ, ಕುರಿ ಸಂಗಾಟ ಕಳಸೇ ಬಿಡ್ತೀನಿ. ಸಾಲಿನೂ ಬ್ಯಾಡ, ಸುಡುಗಾಡೂ ಬ್ಯಾಡ."

"ಕಳಸು, ಕಳಸು," ಒಳಗಿನಿಂದ ಮಾಳಿಂಗಪ್ಪನ ದನಿ. "ಹಳ್ಳದಾಗ ಕಲ್ಲು ಎಣಸ್ಕೋತ ಕುಂದರಲಿ, ನನ್ನಂಗ."

"ಕಲ್ಲು ಎಣಸಿದ್ರೂ ರೊಟ್ಟಿ ತಿಂದೀಯಲ್ಲ ನೀ!"

ಮೋನಮ್ಮ ಬಟ್ಟಲಿಗೆ ಹೆಬ್ಬೆರಳು ಅದ್ದಿದಳು. ಬೊಟ್ಟು ಒತ್ತಿ, ಹುಡುಗನ ಕೈ ಹಿಡಿದು ನಡೆದಳು. ಆ ಕೈ ಸದಾ ತಣ್ಣಗಿರುತ್ತಿತ್ತು.

ಉತ್ತರ ಸಿಕ್ಕದ್ದು ಅವಳಿಗೆ ಜ್ವರ ಬಂದ ದಿನ. ಏಳಲಾಗಲಿಲ್ಲ, ಮಕ್ಕಳನ್ನು ಅವರವರ ಮನೆಯವರೇ ತಂದು ಬಿಟ್ಟರು. ಮಧ್ಯಾಹ್ನ ಕೋಣೆಯ ಬಾಗಿಲ ಬಳಿ ಕಂಬಳಿ ಹೊದ್ದು ಕೂತಿದ್ದಾಗ ಪಡಸಾಲೆಯಿಂದ ಮಾಸ್ತರರು ಕೂಗಿ ಹೇಳಿದರು, "ಮೋನವ್ವ, ನಿನ್ನ ಕುರುಬರ ಹುಡುಗ ಎರಡು ರೊಟ್ಟಿ ತಿಂದ! ಬಾಜೂಕ ಕುಂತ ಭೂದೇವಿಯ ಬೆಲ್ಲಾನೂ ಬೇಡಿ ತಿಂದ!"

ಮರುದಿನ ಜ್ವರ ಇಳಿಯಿತು, ಮೋನಮ್ಮ ಕರೆಯಲು ಹೋದಳು, ಹುಡುಗ ಮತ್ತೆ ಉಣ್ಣಲಿಲ್ಲ.

ಹಾಗಾದರೆ ತಪ್ಪು ತನ್ನಲ್ಲೇ ಇದೆ ಎಂದುಕೊಂಡಳು. ಅವಳು ಅಡತಿಯಲ್ಲಿ ವರ್ಷಗಟ್ಟಲೆ ತೊಗರಿ ಹಸನು ಮಾಡಿದವಳು. ಕಲ್ಲು, ಹೊಟ್ಟು, ಹುಳುಕು ಬೇರೆಬೇರೆಯಾಗಿಯೇ ತೆಗೆಯಬೇಕು, ಎಲ್ಲ ಒಮ್ಮೆಗೇ ತೆಗೆಯಹೋದರೆ ಕೈಯಲ್ಲಿ ಏನೂ ಬರುವುದಿಲ್ಲ. ಹಾಗೆಯೇ ಯೋಚಿಸಿದಳು. ತನ್ನ ಮುಖ ಅವನಿಗೆ ಹೆದರಿಕೆಯೇ? ಒಂದು ದಿನ ಸೆರಗು ತೆಗೆದು ಚೆನ್ನಾಗಿ ಮುಖ ತೋರಿಸಿ ನಗುತ್ತ ಕರೆದಳು. ಉಣ್ಣಲಿಲ್ಲ. ಬಾಜಾರವೇ? ಇನ್ನೊಂದು ದಿನ ಮಕ್ಕಳನ್ನೆಲ್ಲ ಬಾವಿಯ ಹಿಂದಿನ ಹಾದಿಯಿಂದ ಸುತ್ತಿಸಿಕೊಂಡು ಬಂದಳು. ಮೊಣಕಾಲು ಸತ್ತುಹೋದವು, ಹುಡುಗ ಉಣ್ಣಲಿಲ್ಲ. ಉಳಿದದ್ದು ಬೊಟ್ಟು ಒಂದೇ. ಮೂರನೆಯ ಸಲ ಅವನೊಬ್ಬನಿಗೆ ಬೊಟ್ಟು ಇಡದೆ, ಕೈ ಬಿಡದೆ ಕರೆತಂದಳು.

ಅಂದು ಅವನು ಅರ್ಧ ರೊಟ್ಟಿ ತಿಂದ. ಅರ್ಧ ತಿಂದು ಎದ್ದು, ಪಕ್ಕದಲ್ಲಿ ಕೂತಿದ್ದ ಭೂದೇವಿಯ ಕೈಯಿಂದ ಬೆಲ್ಲ ಕಿತ್ತು ಅಂಗಳಕ್ಕೆ ಎಸೆದ.

ಭೂದೇವಿ ಕೊರಳು ಹರಿಯುವಂತೆ ಚೀರಿದಳು. "ಮೋನಾಯೀ, ಅಮೋಗಿ ನನ್ನ ಬೆಲ್ಲ ಕಸ್ಕೊಂಡ! ತಿಂದ್ರರೆ ತಿನ್ನಲಿ, ಒಗದೇ ಬಿಟ್ಟ!"

ಮೋನಮ್ಮ ಹುಡುಗನನ್ನು ನೀರಿನ ಕೊಡದ ಹತ್ತಿರ ಕರೆದೊಯ್ದು ಕೂರಿಸಿದಳು. ಬೈಯುವಷ್ಟು ಶಕ್ತಿಯೂ ಅವಳಲ್ಲಿ ಇರಲಿಲ್ಲ. ತಾನೂ ಕೂತಳು.

"ಯಾಕಪ್ಪ ಒಗದಿ?"

ಹುಡುಗ ಭೂದೇವಿ ಕೂತ ಕಡೆ ಒಮ್ಮೆ ನೋಡಿದ. ಆಮೇಲೆ ಅವಳ ಕಿವಿಗೆ ಬಾಯಿ ಹಚ್ಚಿ, "ಅಕಿ ದಪ್ಪ ಆಗ್ಯಾಳ," ಎಂದ.

"ಆದ್ರೇನಾತು?"

"ಬೆನ್ನಿಗಿ ಕೆಂಪು ಹಚ್ಚ್ಯಾದ. ದಪ್ಪ ಇದ್ದದ್ದು ಮೊದಲ ಹೋಗ್ತದ."

"ಎಲ್ಲಿಗಿ ಹೋಗ್ತದ?"

ಇಷ್ಟೂ ತಿಳಿಯದವಳಲ್ಲ ಎನ್ನುವಂತೆ ಅವನು ಅವಳ ಮುಖ ನೋಡಿದ. "ಲಷ್ಕರಿಗಿ. ಮಾಸ್ತರ್ರೇ ಹೇಳ್ಯಾರಲ್ಲ. ಸೌದಾಗರ ಬಂದು ಪಕ್ಕಡಿ ಮುಟ್ಟಿ ನೋಡ್ತಾನ. ಮಾಂಸ ಇದ್ರ ಕೆಂಪು ಹಚ್ತಾನ. ಸಂತಿ ದಿನ ಹೊಡ್ಕೊಂಡು ಹೋಗ್ತಾನ. ಬಿಳಿಮೂಗಿ ಹಂಗೇ ಹೋಗ್ಯಾದ." ಮತ್ತೆ ಕಿವಿಗೆ ಬಾಯಿ ಹಚ್ಚಿ ಸೇರಿಸಿದ, "ನಾ ಉಣ್ಣಂಗಿಲ್ಲ. ಬಡಕ ಇದ್ದದ್ದು ಬಿಟ್ಟು ಹೋಗ್ತಾರ."

ಬಿಳಿಮೂಗಿ ಅವನು ಸಾಕಿದ ಮರಿ. ಅದನ್ನು ಕೇಳಿ ತಿಳಿದುಕೊಳ್ಳಬೇಕಾಗಿರಲಿಲ್ಲ.

ಆ ಸಂಜೆ ಮಕ್ಕಳನ್ನೆಲ್ಲ ಮುಟ್ಟಿಸಿ, ಕೊನೆಗೆ ಅಮೋಗಿಯೊಡನೆ ಮೋನಮ್ಮ ಮಾಳಿಂಗಪ್ಪನ ದೊಡ್ಡಿಗೆ ಹೋದಳು. ಮುದುಕ ಮುಳ್ಳುಬೇಲಿ ಸರಿಪಡಿಸುತ್ತಿದ್ದ. ಮನೆಯಲ್ಲಿ ಉಳಿಸಿಕೊಂಡ ಕೆಲವೇ ಕುರಿಗಳು ಮಂದವಾಗಿ ಅರಚುತ್ತಿದ್ದವು. ಅವಳ ಕಣ್ಣಿಗೆ ಅವು ಬರೀ ಬೂದು ಗುಡ್ಡೆ. ಆ ಬೂದುಬಣ್ಣದ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ ಮಾತ್ರ ಸ್ಪಷ್ಟವಾಗಿ ಕಂಡಿತು. ಬೆಳಗ್ಗೆ ಬಾಜಾರದಲ್ಲಿ ಅವಳಿಗೆ ಮಕ್ಕಳು ಹೇಗೆ ಕಾಣುತ್ತಿದ್ದರೋ ಹಾಗೆಯೇ.

"ಅಣ್ಣಾ, ಆ ಕೆಂಪು ಯಾತಕ?"

"ಅವು ಮಾರಾಟ ಆದವು. ಸೌದಾಗರ ಗುರುತು ಹಾಕಿ ಹೋಗ್ಯಾನ, ಸಂತಿ ದಿನ ಒಯ್ತಾನ. ಯಾಕ?"

ಅವಳು ಹುಡುಗ ಹೇಳಿದ್ದನ್ನು ಹೇಳಿದಳು. ಮಾಳಿಂಗಪ್ಪ ಮೊದಲು ಗಹಗಹಿಸಿ ನಕ್ಕ. ಬೇಲಿಯ ಮುಳ್ಳು ಕೈಗೆ ಚುಚ್ಚಿದ್ದೂ ತಿಳಿಯದಷ್ಟು ನಕ್ಕ. ನಗುತ್ತಲೇ ನಿಲ್ಲಿಸಿದ.

"ಬಿಳಿಮೂಗಿ ಒಯ್ಯುವಾಗ ಇಂವ ಇಲ್ಲೇ ನಿಂತಿದ್ದ," ಎಂದ. "ಅತ್ತಿದ್ದಿಲ್ಲ. ನಾ ಅನ್ಕೊಂಡೆ, ಗಟ್ಟಿ ಹುಡುಗ ಅಂತ."

"ಈಗ ಏನು ಮಾಡೂದು?"

"ಏನದ ಮಾಡೂದು? ಹಚ್ಚಬ್ಯಾಡ. ದಿಟ್ಟಿಗಿ ಬೇಕಂದ್ರ ಕಾಡಿಗಿ ಹಚ್ಚು, ಕರೀ ಬಣ್ಣಕ ಕುರಿ ಯಾರೂ ಕೊಳ್ಳಂಗಿಲ್ಲ."

ಮುದುಕನಿಗೆ ಅದು ಅಷ್ಟು ಸರಳವಾಗಿತ್ತು. ಮೋನಮ್ಮ ಹಿಂದಿರುಗಿದಳು. ಕಾಡಿಗೆ ಅವಳ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕೆಂಪೊಂದೇ. ಅಮೋಗಿಯೊಬ್ಬನಿಗೆ ಬಿಟ್ಟರೂ ಆಗದು. ಬೆಲ್ಲ ಎಸೆದ ಮೇಲೆ ಅವನು ಭೂದೇವಿಗೂ ಅದನ್ನೇ ಹೇಳಿದ್ದ, ಭೂದೇವಿ ಉಳಿದವರಿಗೆಲ್ಲ ಹೇಳಿದ್ದಳು. ಆ ಮಧ್ಯಾಹ್ನವೇ ಮಕ್ಕಳು ಗೋಡೆಗೆ ಬೆನ್ನು ತಿಕ್ಕಿ ತಿಕ್ಕಿ ಪಡಸಾಲೆಯ ಸುಣ್ಣವೆಲ್ಲ ಕೆಂಪಾಗಿತ್ತು. ಬೊಟ್ಟು ಬಿಟ್ಟರೆ ಒಂದಲ್ಲ ಒಂದು ದಿನ ಮಗು ಕಳೆಯುತ್ತದೆ, ತನ್ನ ಕಣ್ಣಿನ ಸುದ್ದಿ ಬಯಲಾಗುತ್ತದೆ, ಕೋಣೆ ಹೋಗುತ್ತದೆ. ಬಿಡದಿದ್ದರೆ ದೀಪಾವಳಿಗೆ ಹುಡುಗ ಕುರಿಯ ಹಿಂದೆ ಹೋಗುತ್ತಾನೆ, ಅದೂ ಕಡ್ಡಿಯಾಗಿ, ತನ್ನ ಹೆಬ್ಬೆರಳಿನ ದೆಸೆಯಿಂದ.

ಮೊದಲು ಹಗ್ಗದ ಉಪಾಯ ನೋಡಿದಳು. ಉದ್ದ ಹಗ್ಗದಲ್ಲಿ ಗಂಟು ಹಾಕಿ, ಒಂದೊಂದು ಗಂಟು ಒಂದೊಂದು ಮಗು ಹಿಡಿದು ನಡೆಯುವುದು. ಹಗ್ಗ ಕಂಡೊಡನೆ ಅಮೋಗಿ ಓಣಿಯ ನೆಲದ ಮೇಲೆ ಕುಕ್ಕರಿಸಿದ. "ಕಟ್ಟಿ ಒಯ್ತಾರ! ಈಗೇ ಒಯ್ತಾರ!" ಎಂದು ಅವನು ಮೊದಲ ಬಾರಿ ಬಾಯಿಬಿಟ್ಟು ಅತ್ತ, ಅವನ ಹಿಂದೆ ಎಲ್ಲರೂ ಅತ್ತರು. ಹಗ್ಗವನ್ನು ಅವಳು ಬಾವಿಯ ಕಟ್ಟೆಯ ಮೇಲೆಯೇ ಬಿಟ್ಟು ಬಂದಳು.

ಮರುದಿನ ಬೆಳಗ್ಗೆ ಹಿತ್ತಾಳೆ ಬಟ್ಟಲು ತೊಳೆದು ಬೋರಲು ಹಾಕಿದಳು.

ಕೆಲವು ದಿನ ನಡೆಯಿತು. ಅವಳು ಹಾದಿಯುದ್ದಕ್ಕೂ ಹೆಸರು ಕೂಗುವಳು, ಮಕ್ಕಳು ಓಗೊಡುವರು. ಓಗೊಟ್ಟ ಕಡೆ ಕಿವಿ ಇಟ್ಟು ನಡೆಯುವಳು. ಸಾಲೆ ಮುಟ್ಟುವ ಹೊತ್ತಿಗೆ ಗಂಟಲು ಆರಿ ತಲೆ ದಿಮ್ಮೆನ್ನುತ್ತಿತ್ತು. ಅಮೋಗಿ ಉಣ್ಣತೊಡಗಿದ. ಮೊದಲು ಕದ್ದು ಉಂಡ ಹಾಗೆ, ಆಮೇಲೆ ಎಲ್ಲರಂತೆ. ಮರಳಿನಲ್ಲಿ ಅ ಬರೆದ. ಮಾಸ್ತರರು ನೋಡಿ, ಅದಕ್ಕೆ ನಾಲ್ಕು ಕಾಲು ಯಾಕೆ ಎಂದು ಕೇಳಿದರು.

ಸಂತೆಯ ದಿನ ಬಂತು. ಬಾಜಾರದಲ್ಲಿ ಕಾಲಿಡಲು ಜಾಗವಿಲ್ಲ. ಗಾಡಿಗಳ ಗದ್ದಲ, ತೆಲುಗು, ಉರ್ದು, ಮರಾಠಿ, ಕನ್ನಡ ಎಲ್ಲ ಒಟ್ಟಿಗೆ. ಓಗೊಡುವ ಸಣ್ಣ ದನಿಗಳು ಅದರಲ್ಲಿ ಮುಳುಗಿದವು. ಒಂದು ತೊಗರಿ ಗಾಡಿ ಅಡ್ಡ ಬಂತು. ಅದು ದಾಟಿದ ಮೇಲೆ ಮೋನಮ್ಮ ಕೈಚಾಚಿ ಕೈಗೆ ಸಿಕ್ಕ ತಲೆಗಳನ್ನೆಲ್ಲ ತನ್ನ ಸೆರಗಿನೊಳಗೆ ಬಾಚಿಕೊಂಡು, ಮುಖ ನೋಡದೆ ಎಣಿಕೆಯೊಂದನ್ನೇ ನೋಡಿ, ಅದು ಸರಿಯಾಯಿತೆಂದು ಸಮಾಧಾನಪಟ್ಟು ಸಾಲೆಗೆ ತಂದಳು.

ನಾಮದೇವ ಮಾಸ್ತರರು ಮಕ್ಕಳ ಸಾಲನ್ನು ನೋಡಿದರು. ಮತ್ತೊಮ್ಮೆ ನೋಡಿದರು.

"ಮೋನವ್ವ, ಇಂವ ಯಾರು?"

ಸಾಲಿನ ಕೊನೆಯಲ್ಲಿ, ಒಂದು ಕೈಯಲ್ಲಿ ಎಣ್ಣೆಯ ಕುಡಿಕೆ ಹಿಡಿದು, ಇನ್ನೊಂದರಿಂದ ಮೂಗು ಒರೆಸಿಕೊಳ್ಳುತ್ತ, ಯಾರೋ ಒಬ್ಬ ಹುಡುಗ ನಿಂತಿದ್ದ.

"ನಾನು ರಾಮುಲು," ಎಂದ ಅವನು. "ನಮ್ಮವ್ವ ಎಣ್ಣಿ ತರಾಕ ಕಳಸ್ಯಾಳ. ಈ ಮುದುಕಿ ಎಳ್ಕೊಂಡು ಬಂದಾಳ."

ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಮಾಸ್ತರರು ನಗಲಿಲ್ಲ. "ಭೂದೇವಿ ಎಲ್ಲಿ?"

ಭೂದೇವಿ ಸಿಕ್ಕಳು. ಬೆಲ್ಲದಂಗಡಿಯ ಮುಂದೆ ನಿಂತು, ಅಂಗಡಿಯವನು ಕೊಟ್ಟ ಚೂರನ್ನು ಚೀಪುತ್ತಿದ್ದಳಂತೆ. ಅಡತಿಯ ಹಮಾಲ ಎತ್ತಿಕೊಂಡು ಬಂದ. ಅವಳಿಗೆ ಏನೂ ಆಗಿರಲಿಲ್ಲ. ಅವಳು ಬರುವತನಕ ಮೋನಮ್ಮ ಪಡಸಾಲೆಯ ಕಂಬ ಹಿಡಿದು ನಿಂತೇ ಇದ್ದಳು, ಮೊಣಕಾಲು ನೋಯುವುದೂ ಅವಳಿಗೆ ತಿಳಿಯಲಿಲ್ಲ.

"ಕಣ್ಣೇನು?" ಎಂದು ಮಾಸ್ತರರು ಕೇಳಿದರು.

"ಹೌದ್ರಿ."

"ಎಷ್ಟು ದಿನ ಆತು?"

"ಭಾಳ ದಿನ ಆತ್ರಿ. ಬೊಟ್ಟು ಅದಕೇ ಇಡ್ತಿದ್ದೆ. ದಿಟ್ಟಿಗಿ ಅಲ್ರಿ. ನನಗ ಕಾಣಲಿ ಅಂತ."

ಮಾಸ್ತರರು ಗೋಡೆಯ ಕೆಂಪು ಕಲೆಗಳ ಕಡೆ ನೋಡಿದರು. ಒಂದನ್ನು ಉಗುರಿನಿಂದ ಕೆರೆದರು. ಆಮೇಲೆ ಮೆಲ್ಲಗೆ ಹೇಳಿದರು, "ಸಿಟ್ಟಿಲ್ಲ ಮೋನವ್ವ. ಆದ್ರ ಮಂದಿ ಮಕ್ಕಳು. ಗಾಡಿ ಕೆಳಗ ಒಂದು ಹೋದ್ರ ನಾ ಏನು ಉತ್ತರ ಕೊಡ್ಲಿ? ಹಬ್ಬಕ ಬ್ಯಾರೆ ಯಾರನ್ನರೆ ನೋಡ್ತೀನಿ. ನೀ ನ್ಯಾಲ್ಕಲ್ಲಿಗಿ ನಿನ್ನ ಅಣ್ಣನ ಮಕ್ಕಳ ಹತ್ರ ಹೋಗು."

"ಆಗಲ್ರಿ," ಎಂದಳು ಮೋನಮ್ಮ. ಅಣ್ಣನ ಮಕ್ಕಳು ಅವಳ ಮುಖ ನೋಡಿ ಎಷ್ಟು ಕಾಲವಾಗಿತ್ತೆಂದು ಅವರಿಗೆ ಹೇಳಲಿಲ್ಲ. ಹೇಳುವುದಕ್ಕೂ ದಣಿವಾಗಿತ್ತು.

ನೀರಿನ ಕೊಡದ ಹತ್ತಿರ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಅಮೋಗಿ ಅವಳ ಬಲಗೈ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡು, ಹೆಬ್ಬೆರಳನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದ್ದ. ವರ್ಷಗಟ್ಟಲೆ ಕೆಮ್ಮಣ್ಣು ಅದ್ದಿ ಅದ್ದಿ ಉಗುರಿನ ಸುತ್ತ, ಚರ್ಮದ ಗೆರೆಗಳ ಒಳಗೆ ಬಣ್ಣ ಕೂತುಬಿಟ್ಟಿತ್ತು. ಬಟ್ಟಲು ತೊಳೆದಿಟ್ಟರೂ ಬೆರಳು ಬಿಟ್ಟುಕೊಟ್ಟಿರಲಿಲ್ಲ.

"ಮೋನಾಯಿ," ಎಂದ ಅವನು ಪಿಸುದನಿಯಲ್ಲಿ, "ನಿನಗ ಕೆಂಪು ಯಾರು ಹಚ್ಚ್ಯಾರ?"

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು.

"ಹಬ್ಬಕ ಒಯ್ತಾರೇನು?"

"ಹೂಂ," ಎಂದಳು. ಸುಳ್ಳು ಹೇಳಲು ಯೋಚಿಸಬೇಕಾಗುತ್ತದೆ, ಅಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಹುಡುಗ ಆ ಕೈಯನ್ನು ಮೆಲ್ಲಗೆ ಅವಳ ಮಡಿಲಿಗೇ ಇಟ್ಟ. ಸಂಜೆ ಮಕ್ಕಳನ್ನು ಕರೆದೊಯ್ಯಲು ಮನೆಯವರಿಗೇ ಹೇಳಿ ಕಳಿಸಿದ್ದರು. ಮಾಳಿಂಗಪ್ಪ ಬಂದಾಗ ಅಮೋಗಿ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಅವಳನ್ನು ನೋಡಿದನೆಂದು ಆಮೇಲೆ ಯಾರೋ ಹೇಳಿದರು. ಅವಳಿಗೆ ಅದು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ಪಡಸಾಲೆ ಗುಡಿಸುತ್ತಿದ್ದಾಗ ಓಣಿಯಿಂದ ಗಂಟೆಯ ಸದ್ದು ಬಂತು. ಕುರಿ ಬರುತ್ತಿದೆ ಎಂದುಕೊಂಡು ಅವಳು ಕೊಡಗಳನ್ನು ಒಳಗೆ ಸರಿಸಿದಳು. ಬಂದದ್ದು ಅಮೋಗಿ, ಕೈಯಲ್ಲಿ ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳ ಗಂಟೆ, ಚರ್ಮದ ಪಟ್ಟಿ ಸಮೇತ. ಹಿಂದೆ ಕೋಲೂರಿಕೊಂಡು ಮಾಳಿಂಗಪ್ಪ.

"ತಡಿಯವ್ವ, ನಾ ಹೇಳ್ತೀನಿ," ಎಂದ ಮುದುಕ ಏದುಸಿರು ಬಿಡುತ್ತ. "ನಿನ್ನಿ ಸಂಜಿಯಿಂದ ಒಂದೇ ಹಟ. ಟಗರಿನ ಗಂಟಿ ಬಿಚ್ಚು, ಮೋನಾಯಿಗಿ ಕಟ್ಟು. ನಾ ಯಾಕೋ ಅಂದೆ. ಗಂಟಿ ಕಟ್ಟಿದ್ದು ಮಾರಂಗಿಲ್ಲಲ್ಲ ಮುತ್ಯಾ ಅಂದ." ಅವನು ಕೋಲಿನ ಮೇಲೆ ಭಾರ ಹಾಕಿ ನಿಂತ. "ಖರೇನೇ ಅದ. ಮುಂದಿನ ಟಗರಿಗಿ ನಾವು ಮಾರಂಗಿಲ್ಲ. ಅದು ಹೋತಂದ್ರ ಹಿಂಡು ದಿಕ್ಕು ತಪ್ತದ. ಸೌದಾಗರನೂ ಅದರ ಮೈ ಮುಟ್ಟಂಗಿಲ್ಲ."

ಅಮೋಗಿ ಆಗಲೇ ಅವಳ ಸೊಂಟದ ಸುತ್ತ ಪಟ್ಟಿ ಹಾಯಿಸಲು ಹೆಣಗುತ್ತಿದ್ದ. ಕೈ ಸುತ್ತು ಮುಟ್ಟುತ್ತಿರಲಿಲ್ಲ.

ನಾಮದೇವ ಮಾಸ್ತರರು ಒಳಗಿನಿಂದ ಬಂದರು. "ಇದೇನು ನಡಸೀರಿ?"

"ಮಾಸ್ತರ್ರ, ಒಂದು ಮಾತು," ಎಂದ ಮಾಳಿಂಗಪ್ಪ. "ಕತ್ತಲ್ಯಾಗ, ಮಂಜಿನ್ಯಾಗ ನನಗ ಭೀ ಕುರಿ ಕಾಣಂಗಿಲ್ಲ. ನಾ ಅವನ್ನ ಹುಡುಕ್ಕೋತ ಹೋಗಂಗಿಲ್ಲ. ಟಗರು ನನ್ನ ಬಾಜೂಕ ಇರ್ತದ, ಗಂಟಿ ಕೇಳಿ ಅವೇ ನನ್ನ ಹಿಂದ ಬರ್ತಾವ. ಈಕಿ ಮಕ್ಕಳಿಗಿ ನೋಡಬೇಕಂತ ಯಾರು ಹೇಳ್ಯಾರ? ಮಕ್ಕಳು ಈಕಿಗಿ ಕೇಳಲಿ."

"ಅವು ಕುರಿ ಅಲ್ಲ, ಮಾಳಿಂಗಪ್ಪ. ಮಕ್ಕಳು."

"ಕುರಿಗಿಂತ ಜಾಣ ಅವ ಅಲ್ಲ?"

ಮಾಸ್ತರರು ಗಡ್ಡ ತುರಿಸಿಕೊಂಡರು. ಅಳತೆ ನೋಡದೆ ಕತ್ತರಿಸುವವರಲ್ಲ. "ಹಬ್ಬತನ ನೋಡೋಣು," ಎಂದರು. "ಒಬ್ಬ ಹಮಾಲ ಹಿಂದ ಇರಲಿ. ಒಂದು ಮಗು ಆಚೀಚಿ ಆತಂದ್ರ ಮುಗೀತು."

ಹಾಗೆ ಮೋನಮ್ಮ ಸೊಂಟಕ್ಕೆ ಟಗರಿನ ಗಂಟೆ ಕಟ್ಟಿಕೊಂಡು ನಾರಾಯಣಖೇಡದ ಬಾಜಾರದಲ್ಲಿ ನಡೆದಳು. ಅವಳಿಗೆ ನಾಚಿಕೆಯಾಯಿತು. ಆಗದೆ ಇರುತ್ತದೆಯೇ? ಬೆಲ್ಲದಂಗಡಿಯವನು ಎದ್ದು ನಿಂತು, "ಏ, ಹಾದಿ ಬಿಡ್ರಪೋ, ನಾಮದೇವ ಮಾಸ್ತರ್ರ ಟಗರು ಬಂತು!" ಎಂದ. ಹಮಾಲರು ಚೀಲ ಇಳಿಸಿ ನಕ್ಕರು. ಎಣ್ಣೆಯ ರಾಮುಲು ತಾನೂ ಹಿಂದೆ ಬರುತ್ತೇನೆಂದು ಸೇರಿಕೊಂಡ. ಅವನನ್ನು ಎರಡು ಸಲ ಹಿಂದಕ್ಕೆ ಕಳಿಸಬೇಕಾಯಿತು. ಮೋನಮ್ಮ ತಲೆ ಎತ್ತಲಿಲ್ಲ. ಆದರೆ ಅವಳ ಹಿಂದೆ, ಗಂಟೆಯ ಹೆಜ್ಜೆಗೆ ಹೆಜ್ಜೆ ಹಾಕಿ, ಸಣ್ಣ ಕಾಲುಗಳ ಸದ್ದು ಒಂದೇ ಸಮನಾಗಿ ಬರುತ್ತಿತ್ತು. ಗಂಟೆ ನಿಂತರೆ ಅವು ನಿಲ್ಲುತ್ತಿದ್ದವು. ಭೂದೇವಿ ಬೆಲ್ಲದಂಗಡಿಯ ಮುಂದೆ ಒಮ್ಮೆ ತಡೆದಳಂತೆ. ಗಂಟೆ ದೂರವಾಗುವುದು ಕೇಳಿಸಿ ಓಡಿಬಂದಳು.

ದೀಪಾವಳಿಗೆ ಅಮೋಗಿಯ ತಂದೆ ಬಂದು, ಮಗನ ಕೆನ್ನೆ ಹಿಂಡಿ, ಒಬ್ಬನೇ ರಾಯಿಕೋಡಿನ ಕಡೆ ಹಿಂದಿರುಗಿದ. ಮಾಸ್ತರರು ಬೇರೆ ಹೆಂಗಸಿನ ಮಾತೆತ್ತಲಿಲ್ಲ. ಎತ್ತುವುದಿಲ್ಲವೆಂದೂ ಹೇಳಲಿಲ್ಲ, ಸಂಕ್ರಾಂತಿಗೆ ನೋಡೋಣ ಎಂದರು, ಆಮೇಲೆ ಯುಗಾದಿಗೆ. ಮೋನಮ್ಮನ ಕಣ್ಣು ಮತ್ತೆ ತಿಳಿಯಾಗಲಿಲ್ಲ. ಮೊಣಕಾಲು ಮೊದಲಿನಂತೆಯೇ. ಗಂಟೆಯ ಭಾರಕ್ಕೆ ಈಗ ಸೊಂಟವೂ ನೋಯತೊಡಗಿತು. ಸಾಲೆ ಮುಟ್ಟಿದೊಡನೆ ಅದರ ನಾಲಿಗೆಗೆ ಬಟ್ಟೆಯ ಚೂರು ಸುತ್ತುವಳು, ಇಲ್ಲದಿದ್ದರೆ ಅವಳು ನೀರು ತರಲು ಎದ್ದಾಗಲೆಲ್ಲ ಮಕ್ಕಳೂ ಎದ್ದು ಹೊರಡುತ್ತಿದ್ದರು.

ಮುಂದಿನೊಂದು ಸಂತೆಯ ಮಧ್ಯಾಹ್ನ. ಹೊರಗೆ ಕುರಿಯ ಹಿಂಡೊಂದು ಅರಚುತ್ತ ಹಾದುಹೋಯಿತು. ಮಕ್ಕಳು ರೊಟ್ಟಿ ಬಿಚ್ಚಿ ಕೂತಿದ್ದರು. ಅಮೋಗಿ ಅಗಿಯುವುದನ್ನು ನಿಲ್ಲಿಸಿ ಆ ಸದ್ದು ದೂರವಾಗುವವರೆಗೆ ಕೇಳಿದ. ಆಮೇಲೆ ತನ್ನ ರೊಟ್ಟಿ ಮುರಿದು, ಅರ್ಧದ ಮೇಲೆ ಬೆಲ್ಲ ಇಟ್ಟು, ಕೊಡದ ಹತ್ತಿರ ಗೋಡೆಗೆ ಒರಗಿದ್ದ ಮೋನಮ್ಮನ ಕೈಗೆ ತಂದುಕೊಟ್ಟ.

"ನನಗ ಬ್ಯಾಡಪ್ಪ, ಹಸಿವಿಲ್ಲ."

"ಉಣ್ಣು ಮೋನಾಯಿ," ಎಂದ ಅವನು, ಅವಳ ಸೊಂಟದ ಗಂಟೆ ಗಟ್ಟಿಯಾಗಿದೆಯೇ ಎಂದು ಎಳೆದು ನೋಡುತ್ತ. "ಗಂಟಿ ಇದ್ದವ್ರು ಎಷ್ಟು ಬೇಕಷ್ಟು ಉಣ್ಣಬಹುದು."